ಕರಜಗಿಯ ಹೆಪ್ಪು

ಆಳಂದದ ಕಾಲೇಜೊಂದರಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಕಣ್ಣಿಗೆ ಕಾಣದ್ದರ ಬಗ್ಗೆ ವರ್ಷವಿಡೀ ಮಾತಾಡಿ ಸಂಬಳ ತೆಗೆದುಕೊಳ್ಳುವವಳು ಎಂದು ನನ್ನ ಗಂಡ ಕಾಲೆಳೆಯುತ್ತಾರೆ. ಪಠ್ಯದಲ್ಲಿ ಒಂದು ಪಾಠವಿದೆ: ಬ್ಯಾಕ್ಟೀರಿಯಾಗಳನ್ನೇ ಹಿಡಿದು ಕೊಲ್ಲುವ ವೈರಸ್ಸುಗಳ ಪಾಠ. ಪರೀಕ್ಷೆ ಹತ್ತಿರ ಬಂದಾಗ ಅದರ ಸರದಿ ಬರುತ್ತಿತ್ತು. ನಾನು ಗಿಳಿಯ ಹಾಗೆ ಅದನ್ನು ಒಪ್ಪಿಸಿ, ಮಕ್ಕಳಿಂದ ಒಂದು ಚಿತ್ರ ಬರೆಸಿ, ಮುಂದಕ್ಕೆ ಹೋಗಿಬಿಡುತ್ತಿದ್ದೆ. ಆ ಪಾಠ ಎದ್ದು ನಮ್ಮ ಅಡುಗೆಮನೆಗೇ ಬಂದದ್ದು ಕಳೆದ ಬೇಸಿಗೆಯಲ್ಲಿ.

ಬೆಳಗ್ಗೆ ಅತ್ತೆ ಮೊಸರಿನ ಗಡಗಿಯ ಮುಚ್ಚಳ ತೆಗೆದು, ರೂಢಿಯಂತೆ ಸ್ವಲ್ಪ ಓರೆ ಮಾಡಿ ನೋಡಿದರು. ಗಟ್ಟಿಯಾಗಿ ಕೂತಿರಬೇಕಾದ ಮೊಸರು ಹಾಲಿನ ಹಾಗೇ ಹರಿದು ಅಂಚಿಗೆ ಬಂತು.

"ಮೊಸರ ಆಗಿಲ್ಲ ನೋಡಬೇ," ಎಂದರು.

"ಹಾಲ ಆರಿಹೋಗಿತ್ತೇನ್ರಿ ಅತ್ತಿ, ಹೆಪ್ಪ ಹಾಕುವಾಗ?"

"ಎಲ್ಲಿ ಆರತದ? ಧಗಿಗೆ ಜೀವ ಹೊಂಟದ. ಈ ಧಗ್ಯಾಗ ಹಾಲ ಬರೇ ಗಡಗಿ ಮಾರಿ ನೋಡಿದ್ರ ಸಾಕು, ಮೊಸರ ಆಗಬೇಕು."

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಮೂಸಿದರೆ ಹುಳಿಯ ವಾಸನೆ ಇಷ್ಟೇ ಇಷ್ಟು. ಅತ್ತೆ ಊಟಕ್ಕೆ ಕೂತರೆ ರೊಟ್ಟಿ ಮುರಿದು ಸುಮ್ಮನೆ ತಟ್ಟೆ ನೋಡುತ್ತಿದ್ದರು. ಮೊಸರಿಲ್ಲದ್ದಕ್ಕೆ ಇಷ್ಟೊಂದು ಯಾಕೆ ಎಂದು ಗಂಡ ಕೇಳಿದರು. ಅವರಿಗೆ ಉತ್ತರ ಗೊತ್ತಿತ್ತು, ಆದರೂ ಕೇಳಿದರು. ಗಂಡಸರು ಹಾಗೆಯೇ.

ಉತ್ತರ ಇದು. ಅತ್ತೆಯ ತವರು ಅಫಜಲಪುರ ತಾಲ್ಲೂಕಿನ ಕರಜಗಿ. ಅವರ ತಾಯಿ ಕಂಡವರ ಹೊಲದಲ್ಲಿ ಕೂಲಿ ಮಾಡಿ, ಉಪವಾಸ ವನವಾಸ ಬಿದ್ದು ಒಂದು ಎಮ್ಮೆ ಕಟ್ಟಿದವರು. ಕೇರಿಯಲ್ಲಿ ಎಮ್ಮೆ ಇದ್ದದ್ದು ಅವರೊಬ್ಬರ ಮನೆಯಲ್ಲೇ. ಎಮ್ಮೆ ಈಯಿತು, ಹಾಲು ಬಂತು, ಆದರೆ ಮೊಸರಿಗೆ ಹೆಪ್ಪು ಬೇಕಲ್ಲ? ಊರಿನ ಮನೆಗಳಲ್ಲಿ ಹೆಪ್ಪು ಒಬ್ಬರಿಂದ ಒಬ್ಬರಿಗೆ ಬಟ್ಟಲಿನಲ್ಲಿ ಓಡಾಡುತ್ತಿತ್ತು. ಕೇರಿಯವರಿಗೆ ಅದನ್ನು ಯಾರೂ ಕೊಡುತ್ತಿರಲಿಲ್ಲ. ಕೇರಿಯಿಂದ ಒಯ್ಯುವ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಆ ತಾಯಿ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಬೆಚ್ಚಗಿನ ಹಾಲಿಗೆ ಹಾಕಿ, ಕೆಟ್ಟದ್ದನ್ನು ಚೆಲ್ಲಿ, ಮತ್ತೆ ಹಾಕಿ, ಕೊನೆಗೆ ತನ್ನ ಹೆಪ್ಪನ್ನು ತಾನೇ ಹುಟ್ಟಿಸಿಕೊಂಡಳು. ಮಗಳ ಮದುವೆಯಲ್ಲಿ ಕೊಡಲು ಬಂಗಾರ ಇರಲಿಲ್ಲ. ಒಂದು ಸಣ್ಣ ಗಡಗಿ ಮೊಸರು ಕೊಟ್ಟು ಆಳಂದದ ಬಸ್ಸು ಹತ್ತಿಸಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಮೊಸರಿನ ಗಡಗಿ ಪೂರಾ ಖಾಲಿಯಾದದ್ದಿಲ್ಲ. ಬೇರೆ ಮನೆಗಳಲ್ಲಿ ಎರಡು ಗಡಗಿ ಇಟ್ಟುಕೊಂಡು, ಒಂದನ್ನು ತೊಳೆದು ಬೆಂಕಿಗೆ ಹಿಡಿದು ಬಿಸಿಲಿಗೆ ಬೋರಲು ಹಾಕುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಹೊರಗಿನಿಂದ ತೊಳೆಯುವುದುಂಟು, ಒಳಗಿನ ತಳದಲ್ಲಿ ನೆಕ್ಕುವಷ್ಟು ಮೊಸರು ಇರಲೇಬೇಕು. ಗಡಗಿ ಬಿರುಕುಬಿಟ್ಟು ಬದಲಿಸಬೇಕಾದಾಗಲೂ ಹಳೆಯದರ ತಳ ಕೆರೆದು ಹೊಸದಕ್ಕೆ ಬಳಿದ ಮೇಲೆಯೇ ಹಳೆಯದು ತಿಪ್ಪೆಗೆ ಹೋಗಬೇಕು. ನಾನು ಈ ಮನೆಗೆ ಬಂದ ಹೊಸದರಲ್ಲಿ, ಶಾಸ್ತ್ರ ಓದಿದವಳೆಂಬ ಠೇಂಕಾರದಲ್ಲಿ, ಕುದಿನೀರು ಹಾಕಿ ಗಡಗಿ ತೊಳೆಯಲು ಹೊರಟಿದ್ದೆ. ಅತ್ತೆ ನನ್ನ ಕೈಯಿಂದ ಅದನ್ನು ಕಸಿದುಕೊಂಡು, "ಹೋದ್ರ ಯಾರ್ ಕೊಡ್ತಾರ?" ಎಂದಿದ್ದರು. ಈಗ ಯಾರು ಬೇಕಾದರೂ ಕೊಡುತ್ತಾರೆ, ಗೋಡೆಯಾಚೆಯ ಚಾಚಿ ಕೇಳುವ ಮೊದಲೇ ಬಟ್ಟಲು ಚಾಚುತ್ತಾರೆ. ಆದರೆ ಕರಜಗಿಯ ಆ ಭಯ ಇನ್ನೂ ಈ ಗಡಗಿಯ ತಳದಲ್ಲಿ ಕೂತಿತ್ತು.

ಮೊದಲು ನಾನು ಹಾಲನ್ನು ಅನುಮಾನಿಸಿದೆ. ಎಮ್ಮೆಯ ಕೆಚ್ಚಲಿಗೆ ಬಾವು ಬಂದರೆ ಸೂಜಿ ಹಾಕಿಸುತ್ತಾರೆ, ಆ ಔಷಧಿ ಹಾಲಿಗಿಳಿದು ಹೆಪ್ಪನ್ನು ಕೊಲ್ಲುತ್ತದೆ. ಹಾಲು ತರುವ ಅಕ್ಕನನ್ನು ಕೇಳಿದ್ದಕ್ಕೆ ಅವಳು ಸೊಂಟದ ಮೇಲೆ ಕೈಯಿಟ್ಟಳು. "ನಮ್ಮ ಎಮ್ಮಿಗಿ ಸೂಜಿ ಅಂದ್ರೇನಂತ ಗೊತ್ತಿಲ್ರಿ ಮೇಡಂ. ನೀವರ ಮಾಡಿಸ್ಕೊಂಡಿರಬೇಕು!" ಪಾಪ, ಅವಳು ಹೇಳಿದ್ದು ನಿಜವೇ ಇತ್ತು. ಅದೇ ಹಾಲಿಗೆ ಚಾಚಿಯ ಹೆಪ್ಪು ಹಾಕಿ ಸ್ಟೀಲ್ ಡಬ್ಬಿಯಲ್ಲಿಟ್ಟರೆ, ಬೆಳಗ್ಗೆ ಚಮಚ ನೆಟ್ಟರೆ ನಿಲ್ಲುವಂಥ ಮೊಸರು. ಹಾಲು ಚೆನ್ನಾಗಿತ್ತು. ಕೆಟ್ಟದ್ದು ನಮ್ಮ ಹೆಪ್ಪು.

ಆಗ ಆ ಪಾಠ ನೆನಪಾಯಿತು. 

ನೂರು ವರ್ಷಕ್ಕೂ ಹಿಂದೆ ಒಬ್ಬ ವೈದ್ಯ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ್ದ. ಅದರ ನಡುವೆ ಅಲ್ಲಲ್ಲಿ ಗಾಜಿನಂತೆ ಪಾರದರ್ಶಕವಾದ ಚುಕ್ಕೆಗಳು ಕಂಡವು. ಅಲ್ಲಿ ಬೆಳೆ ಸತ್ತಿತ್ತು. ಆ ಚುಕ್ಕೆಯನ್ನು ತೆಗೆದು ಒಳ್ಳೆಯ ಬೆಳೆಗೆ ಮುಟ್ಟಿಸಿದರೆ ಅದೂ ಸಾಯುತ್ತಿತ್ತು. ಅದಾಗಿ ಒಂದೆರಡು ವರ್ಷಕ್ಕೆ, ಇನ್ನೊಂದು ದೇಶದಲ್ಲಿ, ಆಮಶಂಕೆಯ ರೋಗಿಗಳನ್ನು ನೋಡುತ್ತಿದ್ದ ಇನ್ನೊಬ್ಬ ಅವರ ಮಲವನ್ನು ಪಿಂಗಾಣಿಯ ಜರಡಿಯಲ್ಲಿ ಸೋಸಿದ. ಯಾವ ಬ್ಯಾಕ್ಟೀರಿಯಾವೂ ನುಸುಳಲಾರದ ಜರಡಿ ಅದು. ಸೋಸಿ ಬಂದ ತಿಳಿನೀರನ್ನು ಬ್ಯಾಕ್ಟೀರಿಯಾದಿಂದ ಮಬ್ಬಾಗಿದ್ದ ಸೀಸೆಗೆ ಹಾಕಿಟ್ಟ. ಬೆಳಗ್ಗೆ ಸೀಸೆ ನೀರಿನಷ್ಟು ತಿಳಿಯಾಗಿತ್ತು. ಇವರಿಬ್ಬರಿಗೂ ಮುಂಚೆ ನಮ್ಮ ದೇಶದಲ್ಲೇ ಒಬ್ಬ ವಿದೇಶಿ, ಇಲ್ಲಿಯ ಹೊಳೆಯ ನೀರಿನಲ್ಲಿ ಕಾಲರಾದ ಬ್ಯಾಕ್ಟೀರಿಯಾ ಸಾಯುತ್ತದೆ, ಅದೇ ನೀರನ್ನು ಕುದಿಸಿಬಿಟ್ಟರೆ ಸಾಯುವುದಿಲ್ಲ ಎಂದು ಬರೆದಿಟ್ಟಿದ್ದ. ಯಾಕೆಂದು ಅವನಿಗೆ ತಿಳಿದಿರಲಿಲ್ಲ.

ಇದನ್ನೆಲ್ಲ ನಾನು ಮಕ್ಕಳಿಗೆ ಹೇಳಿದ್ದೆ, ಆದರೆ ಅದರ ಬೆರಗು ಹೇಳಿರಲಿಲ್ಲ. ಆ ಜನರಲ್ಲಿ ಯಾರೂ ಆ ವೈರಸ್ಸನ್ನು ಕಂಡವರಲ್ಲ. ಅದನ್ನು ತೋರಿಸುವ ಯಂತ್ರ ಆಗಿನ್ನೂ ಹುಟ್ಟಿರಲಿಲ್ಲ. ಅವರ ಎದುರಿಗಿದ್ದದ್ದು ಒಂದು ಖಾಲಿ ಚುಕ್ಕೆ, ಒಂದು ತಿಳಿಯಾದ ಸೀಸೆ, ಅಷ್ಟೇ. ಇರಬೇಕಾದದ್ದು ಇಲ್ಲವಾಗಿದೆ, ಹಾಗಾದರೆ ಇಲ್ಲವಾಗಿಸಿದವರು ಯಾರೋ ಇದ್ದಾರೆ ಎಂದು ಅವರು ಲೆಕ್ಕ ಹಾಕಿದರು. ನನ್ನ ಎದುರಿಗೂ ಈಗ ಗಟ್ಟಿಯಾಗದ ಒಂದು ಗಡಗಿ ಇತ್ತು.

ಪ್ರಾಯೋಗಿಕ ಪಾಠಕ್ಕೆಂದು ತರಿಸಿದ್ದ ಸಣ್ಣ ಜರಡಿಗಳು ಕಾಲೇಜಿನಲ್ಲಿದ್ದವು. ಸಿರಿಂಜಿನ ತುದಿಗೆ ಸಿಕ್ಕಿಸುವ ಬಿಲ್ಲೆಯಂಥವು. ಗಡಗಿಯ ಹಾಲಿಗೆ ನಿಂಬೆರಸ ಬಿಟ್ಟು ಒಡೆಸಿ, ಬಟ್ಟೆಯಲ್ಲಿ ಸೋಸಿ, ಬಂದ ತಿಳಿಯನ್ನು ಸಿರಿಂಜಿಗೆ ತುಂಬಿ ಜರಡಿಯಲ್ಲಿ ಒತ್ತಿದೆ. ಜರಡಿಗಳು ಕಟ್ಟಿಕೊಂಡು ಹೆಬ್ಬೆರಳು ಬಾತುಹೋಯಿತು. ಕೊನೆಗೆ ಒಂದಿಷ್ಟು ತಿಳಿನೀರು ಸಿಕ್ಕಿತು. ಮೂರು ಬಟ್ಟಲು ಹಾಲಿಗೂ ಚಾಚಿಯ ಹೆಪ್ಪು ಹಾಕಿದೆ. ಒಂದನ್ನು ಹಾಗೇ ಬಿಟ್ಟೆ. ಒಂದಕ್ಕೆ ಸೋಸಿದ ನೀರಿನ ಕೆಲವು ಹನಿ. ಇನ್ನೊಂದಕ್ಕೆ ಅದೇ ನೀರು, ಆದರೆ ಚೆನ್ನಾಗಿ ಕುದಿಸಿದ್ದು.

"ನನ್ನ ಅಡಿಗಿಮನಿ ದವಾಖಾನಿ ಮಾಡಿಟ್ಟಿಯಲ್ಲಬೇ," ಎಂದರು ಅತ್ತೆ. "ಏನ್ ಹುಡುಕಾಕತ್ತಿ?"

"ಹೆಪ್ಪಿಗಿ ರೋಗ ಬಂದದೇನು ಅಂತ ನೋಡಾಕತ್ತೇನ್ರಿ."

"ಹೆಪ್ಪಿಗೂ ರೋಗ ಬರ್ತದ?"

"ಬರ್ತದ್ರಿ. ನಮಗ ಹೆಂಗ ಬರ್ತದೋ ಹಂಗ."

ಅತ್ತೆ ಬಹಳ ಹೊತ್ತು ಬಟ್ಟಲುಗಳನ್ನು ನೋಡಿದರು. ಅವರ ಮುಖದಲ್ಲಿ ಇದ್ದದ್ದು ಮಗುವಿನ ಹಣೆ ಮುಟ್ಟಿ ನೋಡುವಾಗಿನ ಕಳವಳ.

ಬೆಳಗ್ಗೆ ಒಂದನೆಯದು ಗಟ್ಟಿ. ಮೂರನೆಯದೂ ಗಟ್ಟಿ. ನಡುವಿನದು ನೀರು. ನಾನು ಅಡುಗೆಮನೆಯಲ್ಲಿ ಕೂಗಿದ್ದು ಕೇಳಿ ಗಂಡ ಹಲ್ಲುಜ್ಜುವ ಬ್ರಷ್ ಬಾಯಲ್ಲೇ ಇಟ್ಟುಕೊಂಡು ಓಡಿಬಂದರು, ಹಾವು ಹೊಕ್ಕಿದೆಯೆಂದುಕೊಂಡು.

ಆದರೂ ಇದು ಯಾವುದೋ ವಿಷವೂ ಆಗಿರಬಹುದಲ್ಲ? ಹಳೆಯ ಸಂಶೋಧಕರಿಗೂ ಇದೇ ಅನುಮಾನವಿತ್ತು, ಅದರ ಮೇಲೆ ವರ್ಷಗಟ್ಟಲೆ ಜಗಳವಾಡಿದ್ದರು. ವಿಷವೋ ಜೀವವೋ ತಿಳಿಯುವ ದಾರಿಯನ್ನೂ ಅವರೇ ತೋರಿಸಿದ್ದರು. ಕೆಟ್ಟ ಬಟ್ಟಲಿನಿಂದ ಸೋಸಿ ಹನಿಯಷ್ಟನ್ನು, ಒಳ್ಳೆಯ ಹೆಪ್ಪು ಹಾಕಿದ ಹೊಸ ಬಟ್ಟಲಿಗೆ ಹಾಕು. ಅದು ಕೆಟ್ಟರೆ ಅದರಿಂದ ಸೋಸಿ ಮತ್ತೊಂದಕ್ಕೆ. ವಿಷವಾದರೆ ತೆಳ್ಳಗಾಗುತ್ತಾ ಹೋಗಿ ಸುಸ್ತಾಗುತ್ತದೆ, ನೀರು ಬೆರೆಸಿದ ಮಜ್ಜಿಗೆಯ ಹಾಗೆ. ಜೀವವಿರುವಂಥದ್ದಾದರೆ ಪ್ರತಿ ಬಟ್ಟಲಿನಲ್ಲೂ ತನ್ನ ಸಂತಾನ ಮಾಡಿಕೊಂಡು ಮೊದಲಿನಷ್ಟೇ ಜೋರಾಗಿರುತ್ತದೆ. ನಾನು ದಿನಾ ಕಾಲೇಜಿನಿಂದ ಬಂದು ಇದೇ ಕೆಲಸಕ್ಕೆ ಕೂರುತ್ತಿದ್ದೆ. ಬಟ್ಟಲಿಂದ ಬಟ್ಟಲಿಗೆ ಹೋಗುತ್ತಾ ಮೊದಲಿನ ಹನಿಯ ಗುರುತೂ ಉಳಿಯುವಂತಿರಲಿಲ್ಲ. ಆದರೂ ಪ್ರತಿ ಬೆಳಗ್ಗೆ ಹಾಲು ಹಾಲಾಗಿಯೇ ಇತ್ತು.

ಯಾವುದೋ ಒಂದು ಬೆಳಗ್ಗೆ ಆ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಒಲೆಯ ಪಕ್ಕ ಕೂತುಬಿಟ್ಟೆ. ಅದರಲ್ಲಿ ನನಗೆ ಕಾಣುವುದು ಬಿಳಿ ಹಾಲು ಮಾತ್ರ. ಅದರೊಳಗೆ ಆ ರಾತ್ರಿ ಲೆಕ್ಕಕ್ಕೆ ಸಿಗದಷ್ಟು ಬ್ಯಾಕ್ಟೀರಿಯಾಗಳ ಮೈಮೇಲೆ ಅದಕ್ಕಿಂತ ಸಣ್ಣದೊಂದು ಬಂದು ಕೂತು, ತನ್ನ ವಂಶದ ಎಳೆಯನ್ನು ಒಳಗೆ ಇಳಿಸಿ, ಒಳಗೇ ತನ್ನಂಥವನ್ನು ಹುಟ್ಟಿಸಿ, ಮೈ ಒಡೆದು ಹೊರಬಂದಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದಾಗ, ಒಂದು ಸಪ್ಪಳವಿಲ್ಲದೆ. ಇಷ್ಟು ವರ್ಷ ಕಲಿಸಿದ್ದನ್ನು ನಾನು ಅವತ್ತು ಮೊದಲ ಸಲ ನಂಬಿದೆ. ನಂಬಿ ಹೆದರಿದೆ ಕೂಡ.

ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ಮನೆಯ ಹೆಪ್ಪಿಗೆ ಹತ್ತಿದ್ದು ಹೋಗುವುದಿಲ್ಲ, ಮಣ್ಣಿನ ಗಡಗಿ ಅದನ್ನು ಕುಡಿದಿರುತ್ತದೆ, ದಿನಾ ತಳದಲ್ಲಿ ಉಳಿಸುವುದರಿಂದ ದಿನಾ ರೋಗವನ್ನೇ ಉಳಿಸಿದಂತಾಗಿದೆ ಎಂದೆ. ಅವರು ಒಂದೇ ಮಾತು ಕೇಳಿದರು: "ಜೇವರ್ಗ್ಯಾಗ ಇರೂದು ಛಲೋ ಇರಬೇಕಲ್ಲ?"

ಜೇವರ್ಗಿಯಲ್ಲಿ ಇರುವುದು ಅವರ ಮಗಳು, ನನ್ನ ನಾದಿನಿ. ಅವಳ ಮದುವೆಯಲ್ಲಿ ಅತ್ತೆಯೂ ತಮ್ಮ ತಾಯಿಯಂತೆ ಗಡಗಿಯಲ್ಲಿ ಹೆಪ್ಪು ಕೊಟ್ಟು ಕಳಿಸಿದ್ದರು. ಕರಜಗಿಯ ಮನೆ ಬಿದ್ದು, ಅಲ್ಲಿದ್ದವರು ದುಡಿಯಲು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಉಳಿದಿದ್ದರೆ ಆ ಹೆಪ್ಪು ಜೇವರ್ಗಿಯಲ್ಲೇ ಉಳಿದಿರಬೇಕು. ಭಾನುವಾರ ನಾವಿಬ್ಬರೂ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಹೊರಟೆವು. ಭೀಮಾ ಸೇತುವೆ ಬಂದಾಗ ಅತ್ತೆ ಕಿಟಕಿಯಿಂದ ಬಗ್ಗಿ ಹೊಳೆ ನೋಡಿ, ಇದು ಸೊನ್ನದ ಬ್ಯಾರೇಜಿನಿಂದ ಬಿಟ್ಟ ನೀರು, ನಮ್ಮ ತವರಿನ ಕಡೆಯದು ಎಂದು ಪಕ್ಕದ ಸೀಟಿನವರಿಗೂ ಹೇಳಿದರು. ಅವತ್ತು ಬಹಳ ಖುಷಿಯಲ್ಲಿದ್ದರು. ಯಾಕೆ ಬರುತ್ತಿದ್ದೇವೆಂದು ಮಗಳಿಗೆ ಫೋನಿನಲ್ಲಿ ಹೇಳಬೇಡ, ಸುಮ್ಮನೆ ಗಾಬರಿಯಾಗುತ್ತಾಳೆ ಎಂದಿದ್ದರು.

ನಾದಿನಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಮಾಡಿದ್ದಳು. ಕೊನೆಗೆ ಮೊಸರು ಬಡಿಸಿದಳು. ಬೆಳ್ಳಗೆ, ನುಣ್ಣಗೆ, ಗಟ್ಟಿ ಮೊಸರು. ಅತ್ತೆ ಬೆರಳಲ್ಲಿ ಒಂದು ಚೂರು ಬಾಯಿಗಿಟ್ಟುಕೊಂಡರು. ಬೆರಳು ಬಾಯಲ್ಲೇ ನಿಂತಿತು. ಆಮೇಲೆ ತಟ್ಟೆಯಲ್ಲಿದ್ದದ್ದನ್ನೆಲ್ಲ ಊಟ ಮಾಡಿ, "ಛಲೋ ಆಗ್ಯದಬೇ," ಎಂದು ಕೈ ತೊಳೆದರು. ಹೆಪ್ಪಿನ ಮಾತು ಎತ್ತುತ್ತಾರೆಂದು ನಾನು ಕಾದೇ ಕಾದೆ. ಎತ್ತಲೇ ಇಲ್ಲ. ನಾನು ಎತ್ತಲು ಹೋದರೆ ನನ್ನ ಕಾಲು ತುಳಿದರು.

ವಾಪಸ್ ಬಸ್ಸು ಭೀಮಾ ಸೇತುವೆ ದಾಟುವಾಗ ಅತ್ತೆ ಈ ಸಲ ಕಿಟಕಿಯತ್ತ ಬಗ್ಗಲಿಲ್ಲ.

"ಪಾಕೀಟಿಂದು," ಎಂದರು ಕೊನೆಗೆ.

"ಏನ್ರಿ?"

"ಆಕಿ ಮೊಸರ. ಅಂಗಡಿ ಪಾಕೀಟಿಂದು. ನಾಲಿಗಿಗಿ ಹತ್ತಿದ ಕೂಡ್ಲೇ ಗೊತ್ತಾತು. ನಮ್ಮದು ಯಾವಾಗೋ ಹೋಗ್ಯದ ಆಕಿ ಕೈಯಾಗ."

"ಕೇಳಬೇಕಿತ್ತಲ್ರಿ ಅತ್ತಿ ಮತ್ತ!"

"ಏನಂತ ಕೇಳ್ಲಿ? ಬಡಸುವಾಗ ಆಕಿ ಮಾರಿ ಆ ಕಡಿ ತಿರುಗಿಸಿದ್ಳು, ನೋಡ್ಲಿಲ್ಲ ನೀ? ಉಣ್ಣಾಕ ಕುಂತ ಮಗಳ ಮುಂದ ಹೆಂಗ ಕೇಳ್ತಿ?"

ನನಗೆ ನಾದಿನಿಯ ಮೇಲೆ ಸಿಟ್ಟು ಬಂದಿತ್ತು. ಅದು ಅಲ್ಲಿಗೇ ಇಳಿದುಹೋಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ಮವ್ವಂದು ಒಂದ್ ಫೋಟೋ ಇಲ್ಲ ನನ್ ಹತ್ರ. ಒಂದ್ ಸೀರಿ ಇಲ್ಲ. ಇದೊಂದಿತ್ತು. ಇನ್ನ ಈ ಭೂಮಿ ಮ್ಯಾಲ ಅದು ನನ್ನ ಗಡಗ್ಯಾಗ ಒಂದ ಅದ. ಅದಕ್ಕ ನೀ ರೋಗ ಅಂತಿ." ನಾನು ಅವರ ಕೈ ಹಿಡಿದುಕೊಂಡೆ. 

ಮನೆಗೆ ಬಂದ ಮೇಲೆ ನನ್ನೊಳಗಿನ ಮೇಡಂ ಮತ್ತೆ ಎದ್ದಳು. ಗಡಗಿಯನ್ನು ಒಡೆದು ಎಸೆಯೋಣ, ಚಾಚಿಯ ಹೆಪ್ಪು ಸ್ಟೀಲ್ ಡಬ್ಬಿಯಲ್ಲಿ ಬೆಳೆಯಲಿ ಎಂದೆ. ಡಬ್ಬಿಯ ಮಾತಿಗೆ ಅತ್ತೆ ಒಪ್ಪಿದರು, ಮನೆಯವರಿಗೆ ಮೊಸರು ಬೇಕಲ್ಲ. ಗಡಗಿಯ ಮಾತಿಗೆ ಒಪ್ಪಲಿಲ್ಲ. ಅದನ್ನು ಅಡುಗೆಮನೆಯಿಂದ ತೆಗೆದು ದೇವರಕೋಣೆಯ ಪಕ್ಕದ, ಬುದ್ಧನ ಪಟದ ಕೆಳಗೆ ಗೋಡೆಯಲ್ಲಿ ಕೊರೆದ ಮಾಡಿನಲ್ಲಿಟ್ಟರು. ದಿನಾ ಸಂಜೆ ಅದರಲ್ಲಿದ್ದದ್ದನ್ನು ನುಗ್ಗೆಗಿಡದ ಬುಡಕ್ಕೆ ಚೆಲ್ಲಿ, ತಳದಲ್ಲಿ ಒಂದಿಷ್ಟು ಉಳಿಸಿ, ಕಾಸಿ ಆರಿಸಿದ ಹಾಲು ಒಂದು ಬಟ್ಟಲು ಹಾಕುವುದು. ಬೆಳಗ್ಗೆ ಓರೆ ಮಾಡಿ ನೋಡುವುದು. ಹಾಲು ಹರಿಯುವುದು.

"ಅತ್ತಿ, ನೀವು ಸಾಕಾಕತ್ತಿದ್ದು ಹೆಪ್ಪಲ್ರಿ, ಅದನ್ನ ಕೊಂದದ್ದನ್ನ," ಎಂದು ಒಂದು ದಿನ ರೇಗಿದೆ.

"ಅದು ನಿನಗ ಹೆಂಗ ಗೊತ್ತು? ಒಳಗ ಹೋಗಿ ನೋಡಿ ಬಂದಿ?" ಎಂದರು. "ಯಾರರ ಒಬ್ರು ಉಳದಿದ್ರ ಅವ್ರಿಗಿ ಹಸಿವಾಗಂಗಿಲ್ಲೇನು?"

ನಾನು ಹಣೆ ಚಚ್ಚಿಕೊಂಡೆ. ಗಂಡ ಇಬ್ಬರ ನಡುವೆ ಬಾಯಿ ಹಾಕಲಿಲ್ಲ. ಅವರಿಗೂ ಬುದ್ಧಿ ಎಂಬುದಿದೆ.

ಹಾಗೆ ಎಷ್ಟು ದಿನ ನಡೆಯಿತೋ ನಾನು ಗಮನಿಸಲಿಲ್ಲ, ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯಲ್ಲಿ ಮುಳುಗಿದ್ದೆ. ಮೊದಮೊದಲು ಹಾಲಿನ ಮೇಲೆ ತೆಳ್ಳನೆಯ ಪದರ ಬಂತಂತೆ. ಆಮೇಲೆ ಒಂದು ದಿನ ಲೋಳೆಲೋಳೆಯಾಗಿ ಎಳೆ ಬಂತಂತೆ. ಅತ್ತೆ ನನಗೆ ಹೇಳಲಿಲ್ಲ, ನಾನು ಮತ್ತೆ ಭಾಷಣ ಬಿಗಿಯುತ್ತೇನೆಂಬ ಭಯಕ್ಕೆ. ಒಂದು ಬೆಳಗ್ಗೆ ನಾನು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಕರೆದರು.

"ಯವ್ವಾ, ಜರಾ ಇಲ್ಲಿ ಬಾ."

ಗಡಗಿಯನ್ನು ಓರೆ ಮಾಡಿ ಹಿಡಿದಿದ್ದರು. ಇನ್ನೂ ಓರೆ ಮಾಡಿದರು. ಒಳಗಿನದು ಅಲ್ಲಾಡಲಿಲ್ಲ.

ಅತ್ತೆ ಬೆರಳದ್ದಿ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಜೇವರ್ಗಿಯಲ್ಲಿ ಆ ಒಂದು ಚೂರು ತಿಂದಾಗಿನ ಹಾಗೆಯೇ ಬೆರಳು ಬಾಯಲ್ಲೇ ನಿಂತಿತು, ಆದರೆ ಈ ಸಲ ಮುಖ ಬೇರೆ ಇತ್ತು. "ನಮ್ಮವ್ವಂದು," ಎಂದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅಯ್ಯೋ, ಓದಿದ್ದೇ ನಾನು! ಮಕ್ಕಳಿಗೆ ಹೇಳಿದ್ದೇ ನಾನು! ಹಳೆಯ ಸಂಶೋಧಕರ ಸೀಸೆಗಳು ತಿಳಿಯಾದ ಮೇಲೆ ಅವರು ಅವನ್ನು ಮರೆತು ಬಿಟ್ಟಿದ್ದರೆ, ಸ್ವಲ್ಪ ಕಾಲಕ್ಕೆ ಅವು ಮತ್ತೆ ಮಬ್ಬಾಗುತ್ತಿದ್ದವು. ಸತ್ತವೆಂದುಕೊಂಡ ಬ್ಯಾಕ್ಟೀರಿಯಾಗಳಲ್ಲಿ ಎಲ್ಲೋ ಒಂದೆರಡು ಬದುಕಿರುತ್ತಿದ್ದವು. ವೈರಸ್ಸಿಗೆ ಅವುಗಳ ಮೈಮೇಲೆ ಕೂರುವ ಜಾಗವೇ ಸಿಗುತ್ತಿರಲಿಲ್ಲ. ಅವೇ ಬೆಳೆದು ಸೀಸೆಯನ್ನು ತುಂಬುತ್ತಿದ್ದವು. ಪುಸ್ತಕದಲ್ಲಿ ಆ ಪುಟದ ಮೇಲೆ ನನ್ನದೇ ಕೈಯಿಂದ ಗೆರೆ ಎಳೆದಿತ್ತು.

ಆದರೂ ಮೇಡಂ ಮೇಡಮ್ಮೇ. ಚಾಚಿಯ ಹೆಪ್ಪು ಅರಿವಿಲ್ಲದೆ ಗಡಗಿಗೆ ಬಿದ್ದಿದ್ದರೆ? ಅತ್ತೆಯ ನಾಲಿಗೆಯನ್ನು ನಾನು ನಂಬಿದರೂ ಕಾಲೇಜು ನಂಬುವುದಿಲ್ಲ. ಫ್ರಿಜ್ಜಿನಲ್ಲಿ ಹಳೆಯ ಸೋಸಿದ ನೀರು ಸೀಸೆಯಲ್ಲಿ ಉಳಿದಿತ್ತು. ಎರಡು ಬಟ್ಟಲು ಹಾಲು ಇಟ್ಟೆ. ಒಂದಕ್ಕೆ ಚಾಚಿಯ ಹೆಪ್ಪು, ಇನ್ನೊಂದಕ್ಕೆ ಗಡಗಿಯದು. ಎರಡಕ್ಕೂ ಆ ನೀರು ಹಾಕಿದೆ. ಅತ್ತೆ ಪಕ್ಕದಲ್ಲೇ ನಿಂತು ನೋಡಿದರು. 

"ಅದಕ್ಕ ಮತ್ತ ರೋಗ ಹಾಕಾಕತ್ತಿಯಲ್ಲಬೇ."

"ಹೌದ್ರಿ. ತಡಕೊಂಡ್ರ ಅದು ನಿಮ್ಮದು. ತಡಕೊಳ್ಳಲಿಲ್ಲಂದ್ರ ಚಾಚಿದು."

ಬೆಳಗ್ಗೆ ಚಾಚಿಯ ಬಟ್ಟಲು ಹಾಲಾಗಿತ್ತು. ಗಡಗಿಯ ಬಟ್ಟಲು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗಿತ್ತು. ಗಂಡ ನಿಜವಾಗಿಯೂ ಬೋರಲು ಹಾಕಿ, ತಮ್ಮ ತಲೆಯ ಮೇಲೆ ಹಿಡಿದು ತೋರಿಸಿದರು. ಮೂವರೂ ನಕ್ಕೆವು. 

"ಅದು ಎಲ್ಲಿಂದ ಬಂತಬೇ, ತಡಕೊಳ್ಳೂದು?" ಅತ್ತೆ ಕೇಳಿದರು. "ರೋಗ ಬಂದ ಮ್ಯಾಲ ಕಲಿತದೇನು?"

ಇದೇ ಪ್ರಶ್ನೆ ಆ ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿತ್ತು. ಕೊನೆಗೆ ಇಬ್ಬರು ಒಂದು ಉಪಾಯ ಮಾಡಿದರು. ಬೇರೆ ಬೇರೆ ನಳಿಕೆಗಳಲ್ಲಿ ಸ್ವಲ್ಪವೇ ಬ್ಯಾಕ್ಟೀರಿಯಾ ಇಟ್ಟು ಬೆಳೆಸಿ, ಆಮೇಲೆ ಎಲ್ಲದಕ್ಕೂ ವೈರಸ್ ಕೊಟ್ಟರು. ಹೊಡೆತ ಬಿದ್ದ ಮೇಲೆ ಕಲಿಯುವುದಾದರೆ ಎಲ್ಲ ನಳಿಕೆಯಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಉಳಿಯಬೇಕು. ಹಾಗಾಗಲಿಲ್ಲ. ಒಂದರಲ್ಲಿ ಒಂದೂ ಇಲ್ಲ, ಇನ್ನೊಂದರಲ್ಲಿ ರಾಶಿ ರಾಶಿ. ಅಂದರೆ ವೈರಸ್ ಬರುವ ಮೊದಲೇ, ಯಾರೂ ಕೇಳದೆ, ಯಾವ ಕಾರಣವೂ ಇಲ್ಲದೆ, ಎಲ್ಲೋ ಒಂದರಲ್ಲಿ ಆ ಗುಣ ಹುಟ್ಟಿ, ಅದರ ಮಕ್ಕಳು ಮೊಮ್ಮಕ್ಕಳಲ್ಲಿ ಸುಮ್ಮನೆ ಇಳಿದುಬಂದಿತ್ತು. ಎಂಥ ಸರಳ ಉಪಾಯ! ನಳಿಕೆ, ಎಣಿಕೆ, ಅಷ್ಟೇ. ಅದರಿಂದ ಅವರು ಜೀವದ ಒಳಗುಟ್ಟನ್ನು ಹೊರಗೆಳೆದಿದ್ದರು. ಇದನ್ನು ನನಗೆ ಬಂದಂತೆ ಅತ್ತೆಗೆ ಹೇಳಿದೆ.

"ಹಂಗಾದ್ರ ಮೊದಲಽ ಇತ್ತು ಅನ್ನು."

"ಇತ್ರಿ. ರೋಗ ಬರೂಕಿಂತ ಮೊದಲಽ ಇತ್ತು."

"ನಮ್ಮವ್ವ ಕೊಟ್ಟಾಗೂ ಇತ್ತೇನು?"

ಹೌದೆನ್ನಲು ನನಗೆ ಅಧಿಕಾರವಿರಲಿಲ್ಲ. ಆ ಗುಣ ಹೋದ ತಿಂಗಳು ಆಳಂದದಲ್ಲಿ ಹುಟ್ಟಿರಬಹುದು. ಮೆಣಸಿನಕಾಯಿಯ ತೊಟ್ಟಿನ ಮೇಲೆ ಕರಜಗಿಯ ಹೊಲದಿಂದಲೇ ಬಂದಿರಲೂಬಹುದು. ಯಾವ ಯಂತ್ರವೂ ಈಗ ಅದನ್ನು ಹೇಳಲಾರದು. "ಇದ್ದಿರಬಹುದ್ರಿ," ಎಂದೆ. ಅವರಿಗೆ ಅಷ್ಟು ಸಾಕಾಯಿತು. ನನಗೂ. ಕೊಡಲು ಯಾರೂ ಇಲ್ಲದ ಒಬ್ಬ ಹೆಂಗಸು ತೊಟ್ಟು ಹಾಕಿ ಎಬ್ಬಿಸಿದ ಜೀವ, ಅವಳು ಮಣ್ಣಾಗಿ ಇಷ್ಟು ವರ್ಷವಾದ ಮೇಲೆ, ಕಾಣದ ಮಾರಿಯೊಂದನ್ನು ಎದುರಿಸಿ ನಮ್ಮ ಮನೆಯ ಮಾಡಿನಲ್ಲಿ ಎದ್ದು ಕೂತಿತ್ತು. ಅದರ ಮುಂದೆ ನಾನು ನಿಜಕ್ಕೂ ಕೈ ಮುಗಿದೆ. ನಾಚಿಕೆಯೇನೂ ಆಗಲಿಲ್ಲ.

ಅತ್ತೆ ಜೇವರ್ಗಿಗೆ ಫೋನ್ ಮಾಡಿದರು. ಬಂದುಹೋಗು ಎಂದರು, ಬೇರೇನೂ ಹೇಳಲಿಲ್ಲ. ನಾದಿನಿ ಮುಂದಿನ ಭಾನುವಾರ ಬಂದಳು. ಊಟವಾಯಿತು, ಚಹಾ ಆಯಿತು. ಹೊರಡುವಾಗ ಅತ್ತೆ ಒಂದು ಹೊಸ ಸಣ್ಣ ಗಡಗಿ ತಂದು ಅವಳ ಮುಂದೆ ಹಿಡಿದರು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದು. ಅದನ್ನು ನೋಡಿದ್ದೇ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಅವ್ವಾ, ನಾ ನಿನಗ ಒಂದ್ ಮಾತ..."

"ಗೊತ್ತದ. ಹಿಡಿ," ಎಂದರು ಅತ್ತೆ.

ನಾನು ಸುಮ್ಮನಿರಬಹುದಿತ್ತು. ಆದರೆ ಓದಿದ ಬಾಯಿ ಸುಮ್ಮನಿರುವುದಿಲ್ಲ. "ಅತ್ತಿ, ಅದರಾಗ ಆ ರೋಗಾನೂ ಇರ್ತದ್ರಿ. ಜೋಡೀಲೆ ಹೋಗ್ತದ," ಎಂದೆ.

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ಮಗಳ ಎರಡೂ ಕೈಗಳನ್ನು ಗಡಗಿಯ ಸುತ್ತ ಸರಿಯಾಗಿ ಕೂರಿಸುತ್ತ, "ಹೋಗ್ಲಿ ಬಿಡು," ಎಂದರು. "ಅದನ್ನ ತಡಕೊಂಡಿದ್ದೂ ಹೊಂಟದಲ್ಲ."